ಶಾರ್ಜಾ, ದುಬಾಯಿ, ಬಹರೈನ್

ನನ್ನ ಹತ್ತಿರ ಒಂದು ಐಟಂ ಇತ್ತು. ಗೆಳೆಯರ ಮೆಹಂದಿ ಕಾರ್ಯಕ್ರಮಗಳಲ್ಲಿ, ಭಾನುವಾರ ಕ್ರಿಕೆಟ್ ಮುಗಿಸಿ ಸೋಡಾ ಕುಡಿಯುವಲ್ಲಿ, ಒಮ್ಮೆ ನಮ್ಮ ಫ್ರೆಂಡ್ಸ್ ಕ್ಲಬ್ಬಿನ ವಾರ್ಷಿಕೋತ್ಸವದ ವೇದಿಕೆಯ ಮೇಲೂ ಅದನ್ನು ಮಾಡಿದ್ದೇನೆ. ಮಿಮಿಕ್ರಿ ಮಾಡುವವರಿಗೆ ಸಾಮಾನ್ಯವಾಗಿ ಸಿನಿಮಾ ನಟರೇ ಬಂಡವಾಳ. ನನಗೆ ಆ ಸ್ವರಗಳು ಬರುವುದಿಲ್ಲ. ಒಬ್ಬ ಹೀರೋವನ್ನು ಮಾಡಲು ಹೋದರೆ ಅವನಿಗೆ ಶೀತವಾದ ಹಾಗೆ ಕೇಳುತ್ತದೆ. ನನಗೆ ಬರುವುದು ನಂತೂರಿನಲ್ಲಿ ಬಸ್ಸಿನ ಬಾಗಿಲಿಗೆ ನೇತುಬಿದ್ದು ಕೂಗುವ ಕಂಡಕ್ಟರ್, ಆಸ್ಪತ್ರೆಯಲ್ಲಿ ಟೋಕನ್ ನಂಬರ್ ಕರೆಯುವ ಹುಡುಗಿ, ನನ್ನ ಅಮ್ಮ, ನಾನು ಕೆಲಸ ಮಾಡುವ ಕಂಪ್ಯೂಟರ್ ಸರ್ವಿಸ್ ಅಂಗಡಿಯ ಬಾಸ್. ಇವರೆಲ್ಲರಿಗಿಂತ ಹೆಚ್ಚು ಚಪ್ಪಾಳೆ ತಂದುಕೊಟ್ಟವರು ಅತ್ತಾವರದ ಕಾಕ, ನಮ್ಮ ಅಂಗಡಿಯ ಗಿರಾಕಿ.

ಐಟಂ ಹೀಗೆ. ಎಡಗೈ ಕಿವಿಗೆ ಹಿಡಿದರೆ ಅದೇ ಫೋನ್. ಬಲಗೈಯಿಂದ ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಬೇಕು. ಗಂಟಲಿಗೆ ಸ್ವಲ್ಪ ಮರಳು ಹಾಕಿಕೊಳ್ಳಬೇಕು. ಮತ್ತೆ, ಅವರು ನನ್ನನ್ನು ಮಗನೇ ಎಂದು ಕರೆಯುವ ಆ 'ಮೋನೇ'ಯಿಂದ ಶುರು:

"ಹಲೋ, ಮೋನೇ. ಬಿಜಿ ಉಂಟಾ? ಬಿಜಿ ಇದ್ರೆ ಇಡ್ತೇನೆ. ಇಲ್ಲ ಅಲ್ವಾ? ಮೆಷಿನ್ ಆನ್ ಮಾಡಿದ್ರೆ ಕಪ್ಪು ಪರದೆಯಲ್ಲಿ ಎಂತದೋ ಅಕ್ಷರ ಬರ್ತದೆ ಮಾರಾಯ. ಓದ್ತೇನೆ, ನೀನು ಬರ್ಕೊ. ಡಿ, ದುಬಾಯಿಯ ಡಿ. ಇ, ಈದ್‌ನ ಇ. ಜಿ, ಗಲ್ಫ್‌ನ ಜಿ. ಆರ್, ರಂಜಾನಿನ ಆರ್. ಎ, ನಮ್ಮ ಅತ್ತಾವರ. ಮತ್ತೆ ದುಬಾಯಿ. ಮತ್ತೆ ಈದ್. ಪುನಃ ದುಬಾಯಿ. ಬರ್ದಿಯಾ? ಅದರ ಕೆಳಗೆ ಸಣ್ಣದರಲ್ಲಿ ಉಂಟು. ಎಸ್, ಶಾರ್ಜಾ. ಡಿ, ಗೊತ್ತುಂಟಲ್ಲ, ದುಬಾಯಿ. ಬಿ, ಬಹರೈನ್. ಅದರ ಎದುರು ಮಿಸ್ಸಿಂಗ್ ಅಂತ ಉಂಟು. ಎಂತ ಮಾಡುವುದು ಮೋನೇ, ಬಹರೈನ್ ಎಲ್ಲಿಗೆ ಹೋಯಿತು?"

ಇಲ್ಲಿ ನಿಲ್ಲಿಸಿದರೆ ಸಾಕು, ಜನ ಕುರ್ಚಿಯಿಂದ ಜಾರುತ್ತಿದ್ದರು. ನಮ್ಮ ಗುಂಪಿನಲ್ಲಿ ಯಾರಾದರೂ ಆಟಕ್ಕೆ ತಡವಾಗಿ ಬಂದರೆ "ಬಹರೈನ್ ಬಂತು" ಎನ್ನುವುದು ರೂಢಿಯಾಗಿಬಿಟ್ಟಿತ್ತು.

ಆ ಫೋನ್ ನಿಜವಾಗಿ ಬಂದದ್ದು. ನಾನು ಅದರಲ್ಲಿ ಒಂದು ಅಕ್ಷರವನ್ನೂ ಬದಲಿಸಿರಲಿಲ್ಲ. ಮಿಮಿಕ್ರಿಯಲ್ಲಿ ನನ್ನ ಹೆಮ್ಮೆಯೇ ಅದು, ಸೇರಿಸುವುದಿಲ್ಲ, ಬಿಡುವುದಿಲ್ಲ. ಒಮ್ಮೆ ಕೇಳಿದರೆ ಕೆಮ್ಮು ಎಲ್ಲಿ ಬಂತು ಎನ್ನುವುದೂ ನನಗೆ ನೆನಪಿರುತ್ತದೆ. ಅಂದು ನಾನು ಕೊಟ್ಟ ಉತ್ತರವನ್ನು ಮಾತ್ರ ಐಟಂನಲ್ಲಿ ಸೇರಿಸುತ್ತಿರಲಿಲ್ಲ, ಅದರಲ್ಲಿ ನಗು ಬರುವಂಥದ್ದು ಏನೂ ಇರಲಿಲ್ಲ. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ನಗು ನುಂಗಿಕೊಂಡು ಹೇಳಿದ್ದು ಇಷ್ಟೇ: "ಎಂಟರ್ ಒತ್ತಿ ಕಾಕ, ಹೋಗ್ತದೆ."

ಒತ್ತಿದರು, ಹೋಯಿತು. ಮುಂದಿನ ಎಂಟು ತಿಂಗಳು ಅವರು ಪ್ರತಿ ಬೆಳಿಗ್ಗೆ ಅಂಗಡಿ ತೆರೆದು ಎಂಟರ್ ಒತ್ತಿದರು.

ಕಾಕನ ಅಂಗಡಿ ಅತ್ತಾವರದಲ್ಲಿ, ಆಸ್ಪತ್ರೆಗಳ ಹಿಂದಿನ ಒಂದು ಓಣಿಯಲ್ಲಿ. ಎದುರು ಮೊಬೈಲ್ ಕವರ್, ಚಾರ್ಜರ್, ನರ್ಸಿಂಗ್ ಓದುವ ಮಕ್ಕಳಿಗೆ ಜೆರಾಕ್ಸ್. ಒಳಗೆ ಪರದೆಯ ಹಿಂದೆ ಎರಡು ಹಳೆಯ ಟೇಪ್ ಡೆಕ್, ಒಂದು ಕಂಪ್ಯೂಟರ್. ಕಾಕ ಹರೆಯದಲ್ಲಿ ಶಾರ್ಜಾದ ಗೋದಾಮೊಂದರಲ್ಲಿ ಗುಮಾಸ್ತರಾಗಿದ್ದರು. ಫೋನಿನಲ್ಲಿ ಸರಕಿನ ನಂಬರ್ ಹೇಳುವಾಗ ಅಕ್ಷರಕ್ಕೊಂದು ಊರು ಹೇಳುವ ಅಭ್ಯಾಸ ಅಲ್ಲಿಯದು. ಊರಿಗೆ ಬಂದು ಕ್ಯಾಸೆಟ್ ಅಂಗಡಿ ಇಟ್ಟರು. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ, ಜನರ ಅಟ್ಟದಲ್ಲಿ ಉಳಿದ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿನಲ್ಲಿ ಕೊಡುವ ಕೆಲಸ ಹಿಡಿದರು.

ಬರುವ ಕ್ಯಾಸೆಟ್ಟುಗಳಲ್ಲಿ ಹಾಡಿನವು ಕಡಿಮೆ, ಹೆಚ್ಚಿನವು ಕಾಗದಗಳು. ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಗಲ್ಫಿಗೆ ಒಂದು ಫೋನ್ ಮಾಡಲು ಅರ್ಧ ದಿನ ಬೂತಿನ ಎದುರು ನಿಲ್ಲಬೇಕಾಗಿದ್ದ ಕಾಲದಲ್ಲಿ, ಅಲ್ಲಿ ದುಡಿಯುವವರು ಟೇಪ್ ರೆಕಾರ್ಡರಿನ ಎದುರು ಕೂತು ಮಾತಾಡಿ, ಆ ಕ್ಯಾಸೆಟ್ಟನ್ನು ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರು. ಮನೆಯವರು ಕೇಳಿ, ಅದೇ ಕ್ಯಾಸೆಟ್ಟಿನ ಮೇಲೆ ತಮ್ಮ ಉತ್ತರ ಮಾತಾಡಿ, ವಾಪಸು ಹೋಗುವವರ ಕೈಯಲ್ಲಿ ಕಳಿಸುವುದು. ಅವರು ಕೇಳಿ ಅದರ ಮೇಲೆ ಮತ್ತೆ ತಮ್ಮದು. ಒಂದೇ ಕ್ಯಾಸೆಟ್ಟು ಹೀಗೆ ವರ್ಷಗಟ್ಟಲೆ ಸಮುದ್ರ ದಾಟುತ್ತಿತ್ತು. ಪ್ರತಿ ಉತ್ತರವೂ ತನ್ನ ಹಿಂದಿನದನ್ನು ಅಳಿಸಿಯೇ ಬರುತ್ತಿದ್ದುದರಿಂದ, ಯಾರ ಮನೆಯಲ್ಲಿ ನೋಡಿದರೂ ಉಳಿದದ್ದು ಕೊನೆಯ ಕಾಗದ ಒಂದೇ.

ಇವನ್ನು ಇಳಿಸುವಾಗ ಕಾಕ ಸ್ಪೀಕರಿನ ಸ್ವರ ಪೂರ್ತಿ ಕಡಿಮೆ ಮಾಡಿ ಕೂರುತ್ತಿದ್ದರು. ಡೆಕ್ಕಿನ ಸಣ್ಣ ಗಾಜಿನೊಳಗೆ ಸೂಜಿ ಏಳುವುದು ಬೀಳುವುದು ನೋಡುತ್ತಾ ಒಂದು ಗಂಟೆ ಸುಮ್ಮನೆ.

"ಕೇಳದೆ ಹೇಗೆ ಗೊತ್ತಾಗ್ತದೆ ಕಾಕ, ಸರಿ ಬಂತಾ ಇಲ್ವಾ ಅಂತ?" ಎಂದು ನಾನು ಒಮ್ಮೆ ಕೇಳಿದ್ದೆ.

"ಪೋಸ್ಟ್‌ಮ್ಯಾನ್ ಕಾಗದ ಬಿಚ್ಚಿ ಓದ್ತಾನಾ? ಇದು ಗಂಡ ಹೆಂಡತಿಗೆ ಹೇಳಿದ್ದು. ಸೂಜಿ ಆಡಿದ್ರೆ ಸಾಕು."

ಆ ಕಂಪ್ಯೂಟರ್ ಕಟ್ಟಿಕೊಟ್ಟದ್ದು ನಾನು. ಒಳಗೆ ಎರಡು ಡಿಸ್ಕ್. ಒಂದರಲ್ಲಿ ಬರೆದದ್ದೆಲ್ಲ ಅದೇ ಗಳಿಗೆಯಲ್ಲಿ ಇನ್ನೊಂದರಲ್ಲೂ ಬರೆಯುವ ಹಾಗೆ ಸಾಫ್ಟ್‌ವೇರಿನಿಂದಲೇ ಜೋಡಿ ಮಾಡಿದ್ದೆ. ಒಂದು ಸತ್ತರೂ ಇನ್ನೊಂದು ಇರುತ್ತದೆ. ಡಿಸ್ಕ್‌ಗಳ ಬೆನ್ನಿಗೆ ಬಿಳಿ ಸ್ಟಿಕರ್ ಅಂಟಿಸಿ ಸ್ಕೆಚ್ ಪೆನ್ನಿನಲ್ಲಿ ಒಂದಕ್ಕೆ ಎ, ಇನ್ನೊಂದಕ್ಕೆ ಬಿ ಎಂದು ಬರೆದೆ. ಬೇರೆ ಕಡೆ ಒಂದು ಕಾಪಿ ಇಡಬೇಕಾ ಎಂದು ಕಾಕ ಕೇಳಿದಾಗ ನಾನು ಬಾಸ್‌ನ ಸ್ವರ ತೆಗೆದೆ. ಹೊಟ್ಟೆ ಮುಂದೆ ಮಾಡಿ, ಕೀಚೈನ್ ತಿರುಗಿಸುತ್ತಾ, "ನೋ ಟೆನ್ಶನ್. ಹಂಡ್ರೆಡ್ ಪರ್ಸೆಂಟ್ ಸೇಫ್." ಕಾಕ ನಕ್ಕರು. ನಕ್ಕವರು ನಂಬಿಯೂ ಬಿಟ್ಟರು. ಸ್ವರ ಅಷ್ಟು ಚೆನ್ನಾಗಿ ಬಂದಿತ್ತು.

ಮಳೆಗಾಲದಲ್ಲಿ ಪಡೀಲಿನಿಂದ ಒಬ್ಬರು ಟೀಚರ್ ಬಂದರು. ಪ್ರೈಮರಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಾನು ಆ ದಿನ ಪ್ರಿಂಟರ್ ನೋಡಲು ಹೋಗಿದ್ದೆ. ಅವರು ಕೊಡೆಯ ನೀರನ್ನು ಹೊರಗೇ ಕೊಡವಿ, ಚೀಲದಿಂದ ಹಾಲಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕ್ಯಾಸೆಟ್ಟು ತೆಗೆದು ಕೌಂಟರಿನ ಮೇಲೆ ಇಟ್ಟರು. ಟೇಪಿನ ಅಂಚಿಗೆಲ್ಲ ಬಿಳಿ ಬೂಸ್ಟು.

"ಇದು ಆಗ್ತದಾ ನೋಡಿ," ಎಂದರು. "ನಮ್ಮವರು ಮಸ್ಕತ್‌ನಲ್ಲಿ ಇರುವಾಗ ಕಳಿಸಿದ್ದು. ಏಳು ವರ್ಷ ಇದೊಂದೇ ಹೋಗಿ ಬಂದು ಮಾಡ್ತಾ ಇತ್ತು. ಇದಕ್ಕೆ ನಾನು ಉತ್ತರ ಹೇಳುವ ಮೊದಲೇ ಅವರೇ ಬಂದುಬಿಟ್ಟರು. ಹಾಗಾಗಿ ಉಳಿಯಿತು."

ಮತ್ತೆ ಹೇಳಿದರು. ಊರಿಗೆ ಬಂದ ಒಂದೇ ವರ್ಷಕ್ಕೆ ಗಂಡನಿಗೆ ಗಂಟಲಿನ ಆಪರೇಶನ್ ಆಯಿತು. ಸ್ವರ ಹೋಯಿತು. ಆಮೇಲೆ ಹದಿನಾಲ್ಕು ವರ್ಷ ಅವರು ಸ್ಲೇಟಿನಲ್ಲಿ ಬರೆದೇ ಮಾತಾಡಿದ್ದು. ಮಗಳಿಗೆ ಆಗ ಎರಡು ವರ್ಷ. ಅವಳ ನೆನಪಿನ ಅಪ್ಪ ಸ್ಲೇಟಿನವನೇ. ಈಗ ಅವರೂ ಇಲ್ಲ, ಮನೆಯಲ್ಲಿದ್ದ ಟೇಪ್ ರೆಕಾರ್ಡರ್ ಎಂದೋ ಗುಜರಿಗೆ ಹೋಗಿತ್ತು.

ಕಾಕ ಆ ಟೇಪಿಗೆ ನಾಲ್ಕು ದಿನ ಕೊಟ್ಟರು. ಹತ್ತಿ, ಸ್ಪಿರಿಟ್, ಒಂದೊಂದೇ ಗೇಣು. ಓಡಿಸಿದ್ದು ಒಂದೇ ಸಲ. ಹೆಡ್ಡಿನ ಮೇಲೆ ಕಂದು ಪುಡಿ ಉದುರುತ್ತಿತ್ತಂತೆ. ಕೊನೆಯಲ್ಲಿ ಸೂಜಿ ಒಮ್ಮೆ ಪೂರ್ತಿ ಮಲಗಿತು, ಮತ್ತೆ ಎದ್ದು ಸ್ವಲ್ಪ ಹೊತ್ತು ಆಡಿತು, ಮತ್ತೆ ನಿಂತಿತು. ಅಷ್ಟಾಗಿ ಹಿಂದಕ್ಕೆ ಸುತ್ತುವಾಗ ಟೇಪು ಮೂರು ಕಡೆ ತುಂಡಾಯಿತು. ಕಾಕ ನನಗೆ ಫೋನ್ ಮಾಡಿ, ನೂರು ಓಟ ಹೊಡೆದವರ ಹಾಗೆ, "ಬಂತು ಮೋನೇ, ಪೂರಾ ಬಂತು. ಇನ್ನು ಟೇಪ್ ಹೋದ್ರೆ ಹೋಗ್ಲಿ," ಎಂದರು.

ಸುದ್ದಿ ತಿಳಿದು ಬಂದ ಟೀಚರ್ ಆ ದಿನ ಪೆನ್‌ಡ್ರೈವ್ ತೆಗೆದುಕೊಂಡು ಹೋಗಲಿಲ್ಲ. ಮಗಳು ಡಿಸೆಂಬರಿನ ರಜೆಗೆ ಬರುತ್ತಾಳೆ, ಇಬ್ಬರೂ ಒಟ್ಟಿಗೆ ಕೇಳಬೇಕು ಎಂದರು. "ಮನೆಯಲ್ಲಿ ಇದ್ದರೆ ನಾನು ತಡೆಯುವುದಿಲ್ಲ, ಒಬ್ಬಳೇ ಕೇಳಿಬಿಡ್ತೇನೆ. ಅಲ್ಲಿಯವರೆಗೆ ನಿಮ್ಮಲ್ಲೇ ಇರಲಿ. ಸೇಫ್ ಉಂಟಲ್ಲ?"

"ಹಂಡ್ರೆಡ್ ಪರ್ಸೆಂಟ್," ಎಂದರಂತೆ ಕಾಕ. ನನ್ನ ಬಾಸ್‌ನ ಮಾತು, ನನ್ನ ಬಾಯಿಂದ ಹೋಗಿ ಕಾಕನ ಬಾಯಿಗೆ ಕೂತಿತ್ತು.

ಅಕ್ಟೋಬರಿನಲ್ಲಿ ಸಂಜೆ ಸಂಜೆ ಗುಡುಗಿ ಕರೆಂಟು ಹೋಗುವ ದಿನಗಳು. ಒಂದು ಗುರುವಾರ ಕಂಪ್ಯೂಟರ್ ಏನೋ ಅಪ್‌ಡೇಟ್ ಮಾಡಿಕೊಳ್ಳುತ್ತಿದ್ದಾಗಲೇ ಕರೆಂಟು ಹೋಯಿತು. ಶುಕ್ರವಾರ ಬೆಳಿಗ್ಗೆ ಕಾಕನ ಫೋನ್.

"ಮೋನೇ, ಇವತ್ತು ಎಂಟರ್ ಒತ್ತಿದ್ರೂ ಹೋಗುವುದಿಲ್ಲ. ಜಿ, ಗಲ್ಫ್. ಆರ್, ರಂಜಾನ್. ಯು, ಯುಎಇ. ಬಿ, ಬಹರೈನ್. ಅಷ್ಟೇ ಬರ್ತದೆ. ಮತ್ತೆ ಸತ್ತ ಹಾಗೆ ನಿಲ್ತದೆ."

"ಬಹರೈನ್ ಸಿಕ್ಕಿತಲ್ಲ ಕಾಕ, ಮತ್ತೆಂತ," ಎಂದೆ. ಕಂಪ್ಯೂಟರ್ ಏಳುವಾಗ ಎಲ್ಲಕ್ಕಿಂತ ಮೊದಲು ಓಡುವ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ, ಅದರ ಹೆಸರು ಗ್ರಬ್. ಅದು ಕೆಟ್ಟರೆ ಮುಂದಿನದ್ದು ಯಾವುದೂ ಏಳುವುದಿಲ್ಲ. ದೊಡ್ಡ ರೋಗವಲ್ಲ. ಒಳಗಿನ ಕಡತಗಳಿಗೆ ಇದರಿಂದ ಏನೂ ಆಗಿರುವುದಿಲ್ಲ. ನಂತೂರಿನಲ್ಲಿ ಎರಡು ಟ್ರಕ್ಕುಗಳ ನಡುವೆ ಸ್ಕೂಟರ್ ನಿಲ್ಲಿಸಿಕೊಂಡು ಆ ಫೋನಿನ ಹೊಸ ಸಾಲನ್ನು ಹೆಲ್ಮೆಟ್ಟಿನ ಒಳಗೆ ಅಭ್ಯಾಸ ಮಾಡುತ್ತಾ ಬಂದೆ. "ಯು, ಯುಎಇ" ಎನ್ನುವಾಗ ಸಣ್ಣ ಬಿಕ್ಕಳಿಕೆ ಇತ್ತು, ಅದನ್ನು ಹಿಡಿಯಬೇಕಿತ್ತು.

ಅಂಗಡಿ ಮುಟ್ಟುವಾಗ ಕಾಕ ಜುಮಾ ನಮಾಜಿಗೆ ಹೊರಟು ನಿಂತಿದ್ದರು. ಬಿಳಿ ಅಂಗಿ, ಅತ್ತರು. ಶಟರ್ ಅರ್ಧ ಎಳೆದು ಹೇಳಿದರು: "ನೀನು ನೋಡ್ತಾ ಇರು. ಎದ್ದರೆ ಎದ್ದ ಹಾಗೆಯೇ ಬಿಡು. ನಾನು ಬಂದು ಒಮ್ಮೆ ಎಲ್ಲ ಉಂಟಾ ಅಂತ ನೋಡ್ತೇನೆ. ಮತ್ತೆ ನೀನು ಎಂತ ಬೇಕಾದ್ರೂ ಮಾಡು. ಆಯ್ತಾ?"

"ಆಯ್ತು ಕಾಕ."

ಪೆಟ್ಟಿಗೆ ಬಿಚ್ಚಿದೆ, ಧೂಳು ಊದಿದೆ, ಎಲ್ಲ ಕೇಬಲ್ಲುಗಳನ್ನು ಕಳಚಿ ಮತ್ತೆ ಗಟ್ಟಿಯಾಗಿ ಚುಚ್ಚಿದೆ. ಇಂಥ ಜೋಡಿ ಡಿಸ್ಕ್‌ಗಳ ಮೆಷಿನ್ ಏಳದಿದ್ದರೆ ಒಂದೊಂದನ್ನೇ ಇಟ್ಟು ನೋಡುವುದು ನಮ್ಮ ಕ್ರಮ. ಎ ಒಂದನ್ನೇ ಇಟ್ಟು ಆನ್ ಮಾಡಿದೆ. ಗಲ್ಫ್, ರಂಜಾನ್, ಯುಎಇ, ಬಹರೈನ್, ಅಷ್ಟೇ. ಎ ತೆಗೆದು ಬಿ ಒಂದನ್ನೇ ಇಟ್ಟೆ. ಎದ್ದಿತು. ಸಲೀಸಾಗಿ, ಆಕಳಿಸದೆ. ಪರದೆಯ ಮೇಲೆ ಕಾಕನ ಮೊಮ್ಮಕ್ಕಳ ಫೋಟೋ, ಪಕ್ಕದಲ್ಲಿ ಊರಿನ ಹೆಸರು ಕೊಟ್ಟ ಫೋಲ್ಡರುಗಳ ಸಾಲು. ಸರಿ, ಹಾಳಾದದ್ದು ಎ, ಒಳ್ಳೆಯದು ಬಿ ಎಂದು ತೀರ್ಮಾನ ಮಾಡಿದೆ.

ಈ ಡಿಸ್ಕ್‌ಗಳು ತಾವು ಕೊನೆಯ ಸಲ ಬರೆದದ್ದು ಯಾವಾಗ ಎಂದು ತಮ್ಮೊಳಗೇ ಗುರುತು ಹಾಕಿಕೊಂಡಿರುತ್ತವೆ. ಒಂದು ಸಾಲಿನ ಆದೇಶ ಕೊಟ್ಟರೆ ಸಾಕು, ತಾರೀಕು ತೋರಿಸುತ್ತವೆ. ಎರಡನ್ನೂ ಕೇಳಿ ಹೋಲಿಸಲು ಐದು ನಿಮಿಷ ಬೇಡ. ಆ ಸಾಲು ನನಗೆ ಬಾಯಿಪಾಠ. ಅಂಗಡಿಗೆ ಹೊಸದಾಗಿ ಸೇರಿದವರಿಗೆ ಪಾಠ ಮಾಡುವಾಗ ಬಾಸ್‌ನ ಸ್ವರದಲ್ಲಿ ಅದನ್ನು ಮೂರು ಸಲ ಹೇಳಿಸುತ್ತೇನೆ. ಆ ದಿನ ನಾನು ಅದನ್ನು ಬರೆಯಲಿಲ್ಲ. ಯಾಕೆ ಎಂದರೆ ಹೇಳಲು ನಾಚಿಕೆಯಾಗುತ್ತದೆ. ಕಾಕ ನಮಾಜು ಮುಗಿಸಿ ಬರುವಷ್ಟರಲ್ಲಿ ಎರಡೂ ಡಿಸ್ಕ್ ಸರಿಯಾಗಿ, ನಾನು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿರಬೇಕು, ಅವರು ಬಾಯಿ ತೆರೆದು ನಿಲ್ಲಬೇಕು. ಇದು ನನಗೆ ಬೇಕಿತ್ತು. ವೇದಿಕೆಯ ಬುದ್ಧಿ.

ಎ ಡಿಸ್ಕನ್ನು ಮತ್ತೆ ಚುಚ್ಚಿ, ಅದರ ಹಳೆಯ ಗುರುತನ್ನು ಅಳಿಸಿ, ಬಿಯ ಜೋಡಿಗೆ ಸೇರಿಸಿದೆ. ಬಿಯಲ್ಲಿ ಇದ್ದದ್ದೆಲ್ಲ ಎಯ ಮೇಲೆ ಬರೆಯತೊಡಗಿತು. ಒಂದು ಪರ್ಸೆಂಟ್, ಎರಡು ಪರ್ಸೆಂಟ್. ನಾನು ಆ ಹೊತ್ತಿನಲ್ಲಿ ಬಿಕ್ಕಳಿಕೆ ಸರಿಮಾಡಿಕೊಂಡೆ.

ಮೂವತ್ತೊಂಬತ್ತು ಪರ್ಸೆಂಟ್ ಆಗುವಾಗ ಕಾಕ ಎರಡು ಬಿರಿಯಾನಿ ಪಾರ್ಸೆಲ್ ಹಿಡಿದು ಶಟರಿನಡಿಯಿಂದ ಬಗ್ಗಿ ಒಳಗೆ ಬಂದರು.

"ಎದ್ದಿತಾ?"

"ಎದ್ದದ್ದು ಮಾತ್ರ ಅಲ್ಲ, ಎರಡನೆಯದನ್ನೂ ಎಬ್ಬಿಸ್ತಾ ಇದ್ದೇನೆ. ಬಿರಿಯಾನಿಯಲ್ಲಿ ಮೊಟ್ಟೆ ಎರಡು ಇರಬೇಕು ನನಗೆ."

"ನಾನು ಬಂದು ನೋಡುವ ಅಂತ ಹೇಳಿದ್ದೆ ಅಲ್ವಾ?"

"ಈಗ ನೋಡಿ, ಯಾರು ಬೇಡ ಅಂದದ್ದು?"

ಕುರ್ಚಿಗೆ ಕೂತು ಕನ್ನಡಕ ಮೂಗಿನ ತುದಿಗೆ ಇಳಿಸಿದರು. ಫೋಲ್ಡರುಗಳ ಸಾಲನ್ನು ಕೆಳಗೆ ಎಳೆದರು, ಮೇಲೆ ತಂದರು, ಮತ್ತೆ ಕೆಳಗೆ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

"ಪಡೀಲ್ ಇಲ್ಲ."

"ಎಂತ?"

"ಪಡೀಲ್ ಟೀಚರ್‌ದು. ಇಲ್ಲ. ಅದರ ಹಿಂದೆ ಮುಂದೆ ಮಾಡಿದ್ದೂ ಇಲ್ಲ. ಇದು ರಂಜಾನಿಗಿಂತ ಮೊದಲು ಹೇಗೆ ಇತ್ತೋ ಹಾಗೆ ಉಂಟು ಮೋನೇ."

ನನ್ನ ಕೈ ತಾನಾಗಿಯೇ ಹೋಗಿ ಬರೆಯುವುದನ್ನು ನಿಲ್ಲಿಸಿತು. ನಲವತ್ತೊಂದು. ಆಮೇಲೆ ಆ ಒಂದು ಸಾಲಿನ ಆದೇಶ ಕೊಟ್ಟೆ, ಕೊಡಬೇಕಾಗಿದ್ದ ಹೊತ್ತು ಕಳೆದ ಮೇಲೆ. ಎಯ ಹಳೆಯ ಗುರುತನ್ನು ನಾನೇ ಅಳಿಸಿದ್ದೆ, ಅದು ಏನು ಹೇಳೀತು. ಬಿಯ ಕಥೆ ಮಾತ್ರ ಮೆಷಿನ್ ಬರೆದಿಟ್ಟಿದ್ದ ಹಳೆಯ ಸಾಲುಗಳಲ್ಲಿ ಸಿಕ್ಕಿತು. ಬಿ ಕೊನೆಯ ಸಲ ಬರೆದದ್ದು ಎಂಟು ತಿಂಗಳ ಹಿಂದೆ. ಕೇಬಲ್ ಸಡಿಲವಾಗಿ ಜೋಡಿಯಿಂದ ಕಳಚಿಕೊಂಡು ಅಲ್ಲಿಯೇ ನಿದ್ದೆ ಹೋಗಿತ್ತು. ಎಂಟು ತಿಂಗಳ ಕೆಲಸವನ್ನೆಲ್ಲ ಒಬ್ಬಂಟಿಯಾಗಿ ಹೊತ್ತದ್ದು ಎ. ಅದಕ್ಕೆ ಆದದ್ದು ಬಾಗಿಲಿನ ಚಿಲಕ ಕೆಟ್ಟಷ್ಟೇ. ನಾನು ಕೇಬಲ್ ಗಟ್ಟಿ ಮಾಡಿ ಮಲಗಿದವನನ್ನು ಎಬ್ಬಿಸಿದೆ, ಅವನ ಮಾತು ಕೇಳಿ ಎಚ್ಚರ ಇದ್ದವನ ಮನೆಯನ್ನು ಒರೆಸಿದೆ.

ಬಿರಿಯಾನಿ ಕೌಂಟರಿನ ಮೇಲೆಯೇ ತಣ್ಣಗಾಯಿತು.

ಕಾಕ ಬೈಯಲಿಲ್ಲ. ಬೈದಿದ್ದರೆ ಆ ಸ್ವರವನ್ನಾದರೂ ಕಲಿಯುತ್ತಿದ್ದೆನೋ ಏನೋ, ಅವರು ಸಿಟ್ಟಾದದ್ದನ್ನು ನಾನು ಕೇಳಿಯೇ ಇಲ್ಲ. ಬೇರೆ ಕ್ಯಾಸೆಟ್ಟುಗಳ ಲೆಕ್ಕ ಬೇಗ ಮುಗಿಯಿತು. ಕೆಲವರು ಪೆನ್‌ಡ್ರೈವ್ ಒಯ್ದಾಗಿತ್ತು, ಉಳಿದವರ ಟೇಪು ಗಟ್ಟಿ ಇತ್ತು, ಕಾಕ ಮತ್ತೆ ಇಳಿಸಬಹುದು. ಎಲ್ಲಿಯೂ ಇಲ್ಲದ್ದು ಟೀಚರ್‌ದು ಒಂದೇ. ಆ ಸ್ವರವನ್ನು ಇತ್ತೀಚೆಗೆ ಯಾರೂ ಕೇಳಿಯೂ ಇರಲಿಲ್ಲ. ಕಾಕ ಸೂಜಿ ನೋಡಿದ್ದು ಅಷ್ಟೇ.

ಮುಂದಿನ ಎಂಟು ದಿನ ರಜೆ ಹಾಕಿ ಪರದೆಯ ಹಿಂದೆ ಕೂತೆ. ಎ ಡಿಸ್ಕಿನಲ್ಲಿ ಇನ್ನೂ ಅಳಿಯದೆ ಉಳಿದ ಭಾಗವನ್ನು ಗೆರೆ ಗೆರೆಯಾಗಿ ಹುಡುಕುವ ಪ್ರೋಗ್ರಾಂ ಓಡುತ್ತಿತ್ತು. ಅದು ಓಡುವಾಗ ಮನುಷ್ಯನಿಗೆ ಕೆಲಸವಿಲ್ಲ. ಮೂರನೆಯ ದಿನ ಮಧ್ಯಾಹ್ನ ಕಾಕ ಚಹಾ ತಂದಿಟ್ಟು ಎದುರಿನ ಸ್ಟೂಲಿನಲ್ಲಿ ಕೂತರು.

"ನೀನು ನನ್ನನ್ನು ಮಾಡ್ತೀಯಂತೆ. ನಮ್ಮ ಅಳಿಯ ಯಾವುದೋ ಮೆಹಂದಿಯಲ್ಲಿ ನೋಡಿದ್ದಾನೆ."

ನಾನು ಚಹಾದ ಲೋಟ ಎತ್ತಿದೆ. "ಸುಮ್ಮನೆ ಕಾಕ."

"ಮಾಡು."

"ಬೇಡ ಕಾಕ, ಈಗ ಬೇಡ."

"ಊರಿಗೆಲ್ಲ ತೋರಿಸಿದ್ದಿ, ನನಗೆ ಮಾತ್ರ ಟಿಕೆಟ್ ಇಲ್ವಾ? ಮಾಡು ಮಾರಾಯ. ಮೂರು ದಿನದಿಂದ ಸತ್ತ ಮನೆಯ ಹಾಗೆ ಉಂಟು ಇಲ್ಲಿ."

ಮಾಡಿದೆ. ಎಡಗೈ ಕಿವಿಗೆ. ಹಲೋ, ಮೋನೇ, ಬಿಜಿ ಉಂಟಾ. ಕಾಕನ ಮುಖದಲ್ಲಿ ನಗು ಹತ್ತಿತು. ದುಬಾಯಿ, ಈದ್, ಗಲ್ಫ್. ಅತ್ತಾವರ ಬರುವಾಗ ತೊಡೆ ತಟ್ಟಿಕೊಂಡರು. ನನಗೂ ಬಿಸಿ ಏರಿತು, ಗಂಟಲು ಸರಿಯಾಗಿ ಕೂತಿತು. ಶಾರ್ಜಾ. ದುಬಾಯಿ. ಬಿ, ಬಹರೈನ್, ಅದರ ಎದುರು ಮಿಸ್ಸಿಂಗ್ ಅಂತ ಉಂಟು.

ಪೆಟ್ಟಿಗೆಯಿಂದ ತೆಗೆದಿಟ್ಟ ಡಿಸ್ಕ್ ಮೇಜಿನ ಮೇಲೆ ಬೆನ್ನು ಮೇಲಾಗಿ ಬಿದ್ದಿತ್ತು. ಬಿಳಿ ಸ್ಟಿಕರ್. ನನ್ನದೇ ಕೈಬರಹ, ಬಿ.

ನನ್ನ ಸ್ವರ ಅಲ್ಲಿಗೇ ನಿಂತಿತು. ಎಷ್ಟು ಸಲ ಹೇಳಿದ್ದೆನೋ ಆ ಸಾಲನ್ನು, ಎಷ್ಟು ಮದುವೆಮನೆಗಳಲ್ಲಿ. ಡಿಗ್ರೇಡೆಡ್, ಎಸ್‌ಡಿಬಿ ಮಿಸ್ಸಿಂಗ್. ಎಂದರೆ ಜೋಡಿ ಮುರಿದಿದೆ, ಎರಡನೆಯ ಡಿಸ್ಕ್ ಕಳಚಿದೆ. ಎಂಟು ತಿಂಗಳ ಹಿಂದೆಯೇ ಮೆಷಿನ್ ಅದನ್ನು ಹೇಳಿತ್ತು, ಕಾಕ ಅಕ್ಷರ ತಪ್ಪದೆ ನನಗೆ ಓದಿ ಹೇಳಿದ್ದರು, ನಾನು ಅಕ್ಷರ ತಪ್ಪದೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಕೇಳಿಸಿಕೊಂಡಿರಲಿಲ್ಲ. ಸ್ವರ ಹಿಡಿಯುವ ಗಡಿಬಿಡಿಯಲ್ಲಿ ಮಾತು ನನ್ನ ಪಕ್ಕದಿಂದಲೇ ಹಾದುಹೋಗಿತ್ತು.

ನಾನು ಮರೆತೆನೆಂದು ಭಾವಿಸಿ ಕಾಕನೇ ಮುಗಿಸಿದರು: "ಎಂತ ಮಾಡುವುದು ಮೋನೇ, ಬಹರೈನ್ ಎಲ್ಲಿಗೆ ಹೋಯಿತು." ಅವರು ಹೇಳಿದಾಗ ಅದರಲ್ಲಿ ತಮಾಷೆ ಇರಲಿಲ್ಲ. ಮೊದಲ ಸಲವೂ ಇದ್ದಿರಲಿಕ್ಕಿಲ್ಲ. ಆಮೇಲೆ ನಾನು ನೋಡುತ್ತಿದ್ದಲ್ಲಿಗೆ ಅವರೂ ನೋಡಿದರು. ಡಿಸ್ಕನ್ನು ಎತ್ತಿ ಸ್ಟಿಕರ್ ಓದಿದರು.

"ಇವನಾ?"

"ಹೌದು ಕಾಕ."

"ಆ ದಿನ ಬರ್ಕೊಂಡಿದ್ದಿಯಾ ನೀನು?"

"ಇಲ್ಲ."

"ಬರ್ಕೊ ಅಂತ ಹೇಳಿದ್ದೆ," ಎಂದರು. ಲೋಟ ತೆಗೆದುಕೊಂಡು ಹೊರಗೆ ಹೋದರು, ಯಾರೋ ಜೆರಾಕ್ಸಿಗೆ ಬಂದಿದ್ದರು.

ಎಂಟನೆಯ ದಿನ ಒಂದು ತುಂಡು ಸಿಕ್ಕಿತು. ದೊಡ್ಡ ಕಡತದ ಮೊದಲಿನದ್ದೆಲ್ಲ ನಾನು ಒರೆಸಿದ ಜಾಗದಲ್ಲಿ ಹೋಗಿ, ಬಾಲ ಮಾತ್ರ ಆಚೆ ಬಿದ್ದು ಉಳಿದಿತ್ತು. ಮೂರು ನಿಮಿಷ. ಪರದೆಯ ಮೇಲೆ ಅದರ ಗೆರೆ ಮೊದಲು ಸಪಾಟು, ಒಂದು ಸಣ್ಣ ಕಡ್ಡಿಯ ಹಾಗೆ ಎದ್ದದ್ದು, ಆಮೇಲೆ ಮಾತಿನ ಏರಿಳಿತ, ಕೊನೆಗೆ ಮತ್ತೆ ಸಪಾಟು. ಕಾಕ ನೋಡಿದ ಕೂಡಲೇ ಹೇಳಿದರು, "ಇದೇ. ಸೂಜಿ ಮಲಗಿ ಎದ್ದದ್ದು ಇಲ್ಲಿಯೇ." ನಾನು ಸ್ಪೀಕರಿಗೆ ಕೈ ಹಾಕಿದೆ. ಕಾಕ ನನ್ನ ಕೈಯನ್ನು ಎತ್ತಿ ಬದಿಗಿಟ್ಟರು.

ಕಾಕ ಫೋನ್ ಮಾಡಿ ಕರೆಸಿದ್ದಕ್ಕೆ ಟೀಚರ್ ಮರುದಿನ ಬಂದರು. ನಾನು ಕ್ಷಮೆ ಕೇಳುವುದನ್ನು ಹಿಂದಿನ ರಾತ್ರಿಯಿಂದ ಅಭ್ಯಾಸ ಮಾಡಿದ್ದೆ. ಹೇಗೆ ಹೇಳಿದರೂ ಅದು ಬೇರೆ ಯಾರದೋ ಸ್ವರದಲ್ಲಿ ಬರುತ್ತಿತ್ತು, ಒಮ್ಮೆ ಆಸ್ಪತ್ರೆಯ ಟೋಕನ್ ಹುಡುಗಿಯ ಹಾಗೆ, ಒಮ್ಮೆ ಬಾಸ್‌ನ ಹಾಗೆ. ನಾನು ಬಾಯಿ ತೆರೆಯುವ ಮೊದಲೇ ಕಾಕ ಹೇಳಿಬಿಟ್ಟರು: "ಮೆಷಿನ್ ಹಾಳಾಯ್ತು ಟೀಚರೇ. ಕೊನೆಯದ್ದು ಸ್ವಲ್ಪ ಉಳಿದದ್ದು. ನನ್ನದು ತಪ್ಪಾಯ್ತು, ಅವತ್ತೇ ನಿಮಗೆ ಕೊಡಬೇಕಿತ್ತು." ಹೇಳಿ ನನ್ನ ಕಡೆ ನೋಡಿದರು. ಸಾಕಷ್ಟು ಹೊತ್ತು ನೋಡಿದರು. ನಾನು ಹೆಡ್‌ಫೋನಿನ ವಯರಿನ ಗಂಟು ಬಿಡಿಸುತ್ತಿದ್ದೆ.

ಟೀಚರ್ ಹೆಡ್‌ಫೋನ್ ಹಾಕಿಕೊಂಡು ಕೂತರು. ನಾವಿಬ್ಬರೂ ಪರದೆಯ ಗೆರೆ ನೋಡುತ್ತಾ ನಿಂತೆವು. ಸಪಾಟು ಗೆರೆ ಮುಗಿದು ಮಾತು ಶುರುವಾಗುವಾಗ ಅವರು ಕಣ್ಣು ಮುಚ್ಚಿದರು, ಕೂಡಲೇ ತೆರೆದರು.

"ಇದು ಅವರಲ್ಲ," ಎಂದರು, ಹೆಡ್‌ಫೋನ್ ಹಾಕಿದವರು ಮಾತಾಡುವಷ್ಟು ಗಟ್ಟಿಯಾಗಿ. "ಇದು ನಾನು."

ಪೂರ್ತಿ ಕೇಳಿ, ಹೆಡ್‌ಫೋನ್ ಕುತ್ತಿಗೆಗೆ ಇಳಿಸಿ, ತರಗತಿಯಲ್ಲಿ ವಿವರಿಸುವ ಹಾಗೆ ನಮಗೆ ವಿವರಿಸಿದರು. "ಅವರಿಗೆ ಮಾತು ಕಡಿಮೆ. ನಾನು ಕ್ಯಾಸೆಟ್ಟು ತುಂಬ ಮಾತಾಡಿ ಕಳಿಸ್ತಿದ್ದೆ. ಅವರದ್ದು ಎಂದೂ ಕೊನೆಯವರೆಗೆ ಮುಟ್ಟುತ್ತಿರಲಿಲ್ಲ. ಟಕ್ ಅಂತ ಅವರು ಬಟನ್ ಒತ್ತಿ ನಿಲ್ಲಿಸಿದಲ್ಲಿಂದ ಆಚೆಗೆ ನನ್ನ ಹಳೆಯದ್ದು ಹಾಗೆಯೇ ಉಳಿದಿದೆ."

ಕಾಕನ ನಿಯಮ ಮರೆತು ನಾನು ಕೇಳಿದೆ, "ಎಂತ ಹೇಳಿದ್ದೀರಿ ಟೀಚರ್?"

"ಎಂತ ಇರ್ತದೆ. ಬಾವಿಯ ಪಂಪ್ ಕೆಟ್ಟದ್ದು, ಮಗುವಿಗೆ ಹಲ್ಲು ಬಂದದ್ದು. ಬಸ್ಸಿಗೆ ಹೊತ್ತಾದವರ ಹಾಗೆ ಓಡಿಸಿದ್ದೇನೆ ಮಾತನ್ನು. ಕೊನೆಗೆ, ಹೊಸ ಕ್ಯಾಸೆಟ್ ತೆಗೆಯಬೇಡಿ, ಇದರ ಮೇಲೆಯೇ ಮಾತಾಡಿ ಕಳಿಸಿ ಅಂತ."

"ಅವರು ಹೇಳಿದ್ದು ನೆನಪುಂಟಾ?"

"ಮಾತು ನೆನಪುಂಟು. ಬರ್ತೇನೆ, ಟಿಕೆಟ್ ಆಯಿತು, ಸುತ್ತಿ ಸುತ್ತಿ ಅಷ್ಟೇ ಅದರಲ್ಲಿ. ಸ್ವರ ಹೇಗಿತ್ತು ಅಂತ ನೆನಪು ಮಾಡಿದರೆ ಬರುವುದಿಲ್ಲ. ಅದನ್ನೇ ಮಗಳಿಗೆ ಕೇಳಿಸಬೇಕಿತ್ತು." ಹೆಡ್‌ಫೋನ್ ಮತ್ತೆ ಕಿವಿಗೆ ಏರಿಸಿ, "ಇನ್ನೊಮ್ಮೆ ಹಾಕು ಮಗಾ," ಎಂದರು. ಹಾಕಿದೆ. ಈ ಸಲ ಮೊದಲಿನ ಸಪಾಟು ಭಾಗದಲ್ಲಿಯೇ ಅವರು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಿದ್ದರು. ಮಾತು ಶುರುವಾದ ಮೇಲೆ ಕೈ ಬಿಟ್ಟರು.

ಬಸ್ ಸ್ಟಾಪಿಗೆ ನಡೆಯುತ್ತೇನೆ ಎಂದವರನ್ನು ಬಿಡದೆ ನಾನು ಸ್ಕೂಟರಿನಲ್ಲಿ ಪಡೀಲಿಗೆ ಕರೆದೊಯ್ದೆ. ದಾರಿಯಲ್ಲಿ ಹೇಳುವುದು ಎಂದು ನಿರ್ಧರಿಸಿಯೇ ಹೊರಟದ್ದು. ಕಂಕನಾಡಿಯಲ್ಲಿ ಟ್ರಾಫಿಕ್ ಇತ್ತು. ಪಂಪ್‌ವೆಲ್ಲಿನಲ್ಲಿ ಲಾರಿಯ ಹಾರನ್. ಆಚೆಗೆ ರಸ್ತೆ ಖಾಲಿ ಸಿಕ್ಕಿತು, ಅಲ್ಲಿ ಯಾವ ನೆವವೂ ಇರಲಿಲ್ಲ. ಹಿಂದಿನಿಂದ ಟೀಚರ್ ಕೇಳಿದರು, "ಆ ಮೆಷಿನಿಗೆ ಎಂತ ಆದದ್ದು ಮಗಾ?"

"ಡಿಸ್ಕ್ ಹೋಯಿತು ಟೀಚರ್. ಅದು ಯಾರ ಕೈಯಲ್ಲೂ ಇಲ್ಲ."

ಸ್ವರ ಬಾಸ್‌ದು. ಇಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ.

ಗೇಟಿನ ಹತ್ತಿರ ಇಳಿದು, ನಿಲ್ಲಲು ಹೇಳಿ, ಚಪ್ಪರದಿಂದ ಒಂದು ಕಟ್ಟು ಬಸಳೆ ಕೊಯ್ದು ತಂದು ಕೊಟ್ಟರು. ಅಷ್ಟು ದಿನ ಕೂತು ಹುಡುಕಿದ್ದಿಯಂತೆ, ನಿಮ್ಮ ಕಾಕ ಹೇಳಿದರು, ಎಂದರು. ತೆಗೆದುಕೊಂಡೆ. ಅಮ್ಮ ಸಿಗಡಿ ಹಾಕಿ ಗಸಿ ಮಾಡಿದರು. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಚೆನ್ನಾಗಿಯೇ ಇಳಿಯಿತು, ಎರಡು ಸಲ ಬಡಿಸಿಕೊಂಡೆ.

ಐಟಂ ಬಿಟ್ಟಿದ್ದೇನೆ. ಯಾರಾದರೂ ಕೇಳಿದರೆ ಕಂಡಕ್ಟರನ್ನು ಮಾಡಿ ತಪ್ಪಿಸಿಕೊಳ್ಳುತ್ತೇನೆ. ಕಾಕನ ಮೆಷಿನ್ನಿಗೆ ಈಗ ಡಿಸ್ಕ್ ಮೂರು, ಮೂರನೆಯದು ಅವರ ಮನೆಯ ಕಪಾಟಿನಲ್ಲಿ ಇರುತ್ತದೆ. ಅವರು ಫೋನ್ ಮಾಡಿ ಅಕ್ಷರ ಓದುವಾಗ ನಾನು ಪುಸ್ತಕದಲ್ಲಿ ಬರೆದುಕೊಂಡು ತಿರುಗಿ ಓದಿ ಹೇಳುತ್ತೇನೆ. ಮೊದಲ ಸಲ ಹಾಗೆ, ಯಾರ ಸ್ವರವನ್ನೂ ತೆಗೆಯದೆ, ಓದಿದಾಗ ಅವರು ಕೇಳಿದರು, "ಯಾರು ಮಾತಾಡುವುದು? ಅವನಿಗೆ ಕೊಡಿ ಫೋನ್."

ಡಿಸೆಂಬರಿನಲ್ಲಿ ಟೀಚರ್‌ರ ಮಗಳು ಬಂದು ಹೋದರು. ಅಮ್ಮನ ಮೂರು ನಿಮಿಷ ಕೇಳಿದರಂತೆ. ಅಪ್ಪನದು ಇಲ್ಲ. ಟೀಚರ್ ಆಮೇಲೆ ಎರಡು ಸಲ ಮೊಬೈಲ್ ಸರಿಮಾಡಿಸಲು ನನ್ನನ್ನು ಕರೆದಿದ್ದಾರೆ, ಹೋಗಿದ್ದೇನೆ, ಚಹಾ ಕುಡಿದಿದ್ದೇನೆ, ಹೇಳಿಲ್ಲ. ಅವರು ಪತ್ರಿಕೆ ಪುಸ್ತಕ ಯಾವುದನ್ನೂ ಬಿಡದೆ ಓದುವವರು, ಕನ್ನಡಕ ಏರಿಸಿ ತಪ್ಪುಗಳಿಗೆ ಗೆರೆ ಎಳೆಯುತ್ತಾ. ಇದನ್ನೂ ಓದಬಹುದು. ಟೀಚರ್, ಮೆಷಿನ್ ಹಾಳಾದದ್ದಲ್ಲ. ಅದು ಎಂಟು ತಿಂಗಳು ಮೊದಲೇ ಹೇಳಿತ್ತು. ಕಾಕನೂ ಹೇಳಿದ್ದರು, ಬರ್ಕೊ ಎಂದಿದ್ದರು, ನಾನು ಬರುವವರೆಗೆ ಮುಟ್ಟಬೇಡ ಎಂದಿದ್ದರು. ಮುಟ್ಟಿದ್ದು ನಾನು.